ಫ್ರಿಜ್ಜಿನ ಹಸಿ ಮಾಂಸ ನಾಯಿಗೆ ಎಷ್ಟು ಬೆಚ್ಚಗಿರಬೇಕು? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು, ಲ್ಯಾಬ್ರಡಾರ್, 4 ವರ್ಷ): ನಮಸ್ಕಾರ ಡಾಕ್ಟ್ರೇ. ಮೂರು ತಿಂಗಳಿಂದ ನಮ್ಮ ನಾಯಿಗೆ ಹಸಿ ಚಿಕನ್ ಕೊಡುತ್ತಿದ್ದೇವೆ. ಭಾನುವಾರ ಒಟ್ಟಿಗೆ ತಂದು, ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿ ಇಡುತ್ತೇವೆ. ಹಿಂದಿನ ರಾತ್ರಿ ಒಂದು ಪೊಟ್ಟಣ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸುತ್ತೇನೆ. ಬೆಳಿಗ್ಗೆ ತೆಗೆದು ನೇರವಾಗಿ ಬಟ್ಟಲಿಗೆ. ವಾರಕ್ಕೆ ಎರಡು ಸಲವಾದರೂ ತಿಂದ ಐದೇ ನಿಮಿಷಕ್ಕೆ ಎಲ್ಲಾ ಹಾಗೇ ಹೊರಗೆ ಹಾಕುತ್ತಾನೆ. ಆಮೇಲೆ ಅದನ್ನೇ ಮತ್ತೆ ತಿನ್ನಲು ಹೋಗುತ್ತಾನೆ! ನಮ್ಮತ್ತೆ, "ಅಷ್ಟು ತಣ್ಣಗಿರೋದು ಕೊಟ್ಟರೆ ಇನ್ನೇನಾಗುತ್ತೆ, ರಾತ್ರಿನೇ ಹೊರಗೆ ತೆಗೆದಿಡು" ಅನ್ನುತ್ತಾರೆ. ಇಡಬಹುದಾ? ಎಷ್ಟು ಬೆಚ್ಚಗಿರಬೇಕು?

ಉತ್ತರ: ಅತ್ತೆಯವರು ಹೇಳಿದ್ದರಲ್ಲಿ ಅರ್ಧ ಸರಿ. ತಣುಪು ಬಿಡಿಸಿ ಕೊಡುವುದು ಒಳ್ಳೆಯದು. ಆದರೆ ರಾತ್ರಿಯೆಲ್ಲಾ ಹೊರಗೆ ಇಡಬೇಡಿ, ದಯವಿಟ್ಟು.

ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ. ನಾಯಿಯ ಮೈ ಬಿಸಿ 38ರಿಂದ 39 ಡಿಗ್ರಿ, ನಮಗಿಂತ ಸ್ವಲ್ಪ ಜಾಸ್ತಿ. ತಣ್ಣಗಿನ ಮಾಂಸ ತಿಂದರೆ ಬಹಳ ನಾಯಿಗಳಿಗೆ ಏನೂ ಆಗುವುದಿಲ್ಲ, ಹೊಟ್ಟೆಯೇ ಅದನ್ನು ಬೆಚ್ಚಗೆ ಮಾಡಿಕೊಳ್ಳುತ್ತದೆ. ಕೆಲವಕ್ಕೆ ಮಾತ್ರ ತಡೆಯುವುದಿಲ್ಲ. ಅದರಲ್ಲೂ ಲ್ಯಾಬ್ರಡಾರ್ ಅಂದರೆ ಗೊತ್ತಲ್ಲ, ಅಗಿಯುವ ತಾಳ್ಮೆಯೇ ಇಲ್ಲ, ಗಬಗಬ ನುಂಗುವುದೇ. ನಡುವೆ ಇನ್ನೂ ಗಟ್ಟಿ ಇರುವ ತುಂಡು ಹಾಗೇ ಒಳಗೆ ಹೋಗುತ್ತದೆ, ಹಾಗೇ ವಾಪಸ್ ಬರುತ್ತದೆ.

ಒಂದು ಗಮನಿಸಿ. ಹೊಟ್ಟೆ ಎಳೆದೆಳೆದು ಕಕ್ಕುತ್ತಾನಾ, ಅಥವಾ ತಲೆ ಬಗ್ಗಿಸಿದ ತಕ್ಷಣ ಸಲೀಸಾಗಿ ಜಾರಿ ಬರುತ್ತದಾ? ಸಲೀಸಾಗಿ ಬಂದರೆ ಅದು ಹೊಟ್ಟೆ ತಲುಪದ ಊಟ, ಅವಸರದಲ್ಲಿ ನುಂಗಿದ್ದು ಕಾರಣ ಇರಬಹುದು. ಆದರೆ ನಿಧಾನವಾಗಿ ತಿಂದಾಗಲೂ ಹೀಗೇ ಆದರೆ ಅನ್ನನಾಳದ ತೊಂದರೆಯೂ ಇರಬಹುದು. ಆಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ. ನೀವು ಬಾಯಲ್ಲಿ ವಿವರಿಸುವುದಕ್ಕಿಂತ ಆ ಹತ್ತು ಸೆಕೆಂಡಿನ ವಿಡಿಯೋ ನಮಗೆ ಜಾಸ್ತಿ ಹೇಳುತ್ತದೆ.

ಇನ್ನು ಬೆಚ್ಚಗೆ ಮಾಡುವ ಬಗೆ. ಪೊಟ್ಟಣದ ಬಾಯಿ ಬಿಗಿಯಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಮಾಂಸ 20, 25 ಡಿಗ್ರಿಗೆ ಬಂದರೆ ಸಾಕು. ಥರ್ಮಾಮೀಟರ್ ಏನೂ ಬೇಡ. ಪೊಟ್ಟಣದ ಮೇಲಿಂದ ಒತ್ತಿ ನೋಡಿ, ಕೈಗೆ ಥಂಡಿ ಹೊಡೆಯಬಾರದು, ನಡುವೆ ಗಟ್ಟಿ ಇರಬಾರದು. ಆಮೇಲೆ ಬಟ್ಟಲಿನ ಬದಲು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರಡಿ ಕೊಡಿ. ನೆಕ್ಕಿ ನೆಕ್ಕಿ ತಿನ್ನಬೇಕಾಗುತ್ತದೆ, ವೇಗ ತಾನೇ ಇಳಿಯುತ್ತದೆ.

ಪ್ರಶ್ನೆ (ಬೆಂಗಳೂರು): ಡಾಕ್ಟ್ರೇ, ಮೈಕ್ರೋವೇವ್‌ನಲ್ಲಿ ಮೂವತ್ತು ಸೆಕೆಂಡ್ ಇಟ್ಟರೆ ಆಗಲ್ವಾ? ಬೆಳಿಗ್ಗೆ ಆಫೀಸಿನ ಗಡಿಬಿಡಿ.

ಉತ್ತರ: ಮೂಳೆ ಇದ್ದರೆ ಬೇಡವೇ ಬೇಡ. ಹಸಿ ಕೋಳಿ ಮೂಳೆ ಸ್ವಲ್ಪ ಮೆತ್ತಗಿರುತ್ತದೆ. ಬೆಂದರೆ ಪೆಡಸಾಗಿ ಚೂರು ಚೂರಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಮೈಕ್ರೋವೇವ್ ಒಂದೇ ಸಮ ಬಿಸಿ ಮಾಡುವುದಿಲ್ಲ. ಒಂದು ಮೂಲೆ ಬೆಂದಿರುತ್ತದೆ, ಇನ್ನೊಂದು ಮೂಲೆಯಲ್ಲಿ ಐಸ್ ಹಾಗೇ ಇರುತ್ತದೆ. ಮೂಳೆ ಇಲ್ಲದ ಕೀಮಾ ಆದರೂ ನಾನು ನೀರಿನ ಪಾತ್ರೆಯನ್ನೇ ಹೇಳುತ್ತೇನೆ. ನೀವು ಸ್ನಾನಕ್ಕೆ ಹೋಗುವಾಗ ಮುಳುಗಿಸಿಟ್ಟು ಹೋಗಿ, ಬರುವ ಹೊತ್ತಿಗೆ ಸರಿಯಾಗಿರುತ್ತದೆ.

ಪ್ರಶ್ನೆ (ಅವರೇ): ಬೆಚ್ಚಗೆ ಮಾಡಿದರೆ ಕ್ರಿಮಿಗಳೂ ಸಾಯುತ್ತವಾ?

ಉತ್ತರ: ಇಲ್ಲ. ಉಲ್ಟಾ, ಆ ಬಿಸಿ ಅವಕ್ಕೆ ಹಬ್ಬ. ಕೋಳಿ ಮಾಂಸ ಒಳಗಿನವರೆಗೂ 74 ಡಿಗ್ರಿ ಮುಟ್ಟಿದರೆ ಮಾತ್ರ ಸಾಲ್ಮೊನೆಲ್ಲಾದಂಥವು ಸಾಯುತ್ತವೆ. 5ರಿಂದ 60 ಡಿಗ್ರಿ ನಡುವೆ ಅವು ಬೆಳೆಯುತ್ತವೆ. ಫ್ರೀಜರ್ ಕೂಡ ಕೊಲ್ಲುವುದಿಲ್ಲ, ಸುಮ್ನೆ ಮಲಗಿಸಿಡುತ್ತದೆ ಅಷ್ಟೇ. ಅದಕ್ಕೇ ತಿನ್ನಿಸುವ ಮುಂಚೆ ಮಾತ್ರ ಬೆಚ್ಚಗೆ ಮಾಡಿ. ಅರ್ಧ ಗಂಟೆಯಲ್ಲಿ ತಿನ್ನದೇ ಬಿಟ್ಟಿದ್ದನ್ನು ಎತ್ತಿ ಬಿಸಾಡಿ. ಮತ್ತೆ ಫ್ರಿಜ್ಜಿಗೆ ಇಡಬೇಡಿ.

ಪ್ರಶ್ನೆ (ಕಲಬುರಗಿ): ನಮ್ಮ ಕಡೆ ಏಪ್ರಿಲ್, ಮೇನಲ್ಲಿ 42 ಡಿಗ್ರಿ ಇರ್ತದ ಸರ್. ಹೊರಗೆ ಇಟ್ಟರ ತಾನೇ ಬೆಚ್ಚಗ ಆಗ್ತದ, ನೀರು ಯಾಕ? ಇನ್ನೊಂದು, ಕರೆಂಟ್ ಹೋದರ ಫ್ರೀಜರ್ ಮಾಂಸ ಏನು ಮಾಡೋದು?

ಉತ್ತರ: ನಿಮ್ಮ ಬಿಸಿಲಿಗೆ ಮಾಂಸದ ಮೇಲ್ಮೈ ಬೇಗ ಬಿಸಿಯಾಗುತ್ತದೆ, ಒಳಗೆ ಇನ್ನೂ ತಣ್ಣಗೇ ಇರುತ್ತದೆ. ಒಳಗಿನದು ಸರಿಹೋಗುವ ಹೊತ್ತಿಗೆ ಮೇಲಿನದು ಕೆಡಲು ಶುರುವಾಗಿರುತ್ತದೆ. ಹೊರಗಿನ ತಾಪ 32 ದಾಟಿದರೆ ಹಸಿ ಮಾಂಸ ಹೊರಗಿರಬಹುದಾದದ್ದು ಹೆಚ್ಚೆಂದರೆ ಒಂದು ಗಂಟೆ. ಅದಕ್ಕಿಂತ ಕಡಿಮೆ ಇದ್ದರೆ ಎರಡು ಗಂಟೆ. ನೊಣ ಕೂತಿದ್ದರೆ ಲೆಕ್ಕವೇ ಬೇಡ.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಣುಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಕರೆಂಟ್ ಬಂದಾಗ ಮಾಂಸದಲ್ಲಿ ಇನ್ನೂ ಐಸ್ ಹರಳು ಇದ್ದರೆ ಮತ್ತೆ ಗಟ್ಟಿ ಮಾಡಬಹುದು. ಐಸ್ ಕರಗಿ ಮಾಂಸದ ತಣುಪೂ ಹೋಗಿದ್ದರೆ ಬಿಸಾಡಿ.

ಪ್ರಶ್ನೆ (ಚಿತ್ರದುರ್ಗದ ಕಡೆಯ ಹಳ್ಳಿ): ಇಷ್ಟೆಲ್ಲಾ ಯಾಕೆ ಸರ್? ನಮ್ಮೂರಲ್ಲಿ ಕುರಿ ಕಡಿದ ಜಾಗದಲ್ಲೇ ನಾಯಿಗಳು ಬಿಸಿ ಬಿಸಿ ಲಿವರ್, ಬೋಟಿ ತಿಂದು ಗಟ್ಟಿಮುಟ್ಟಾಗಿವೆ. ಫ್ರಿಜ್ಜೂ ಇಲ್ಲ, ಡಿಗ್ರಿನೂ ಇಲ್ಲ.

ಉತ್ತರ: ನಾಯಿ ಗಟ್ಟಿಯಾಗಿಯೇ ಇರುತ್ತದೆ. ತೊಂದರೆ ಮನೆಯವರಿಗೆ. ಕುರಿಯ ಲಿವರ್ ಮೇಲೆ, ಶ್ವಾಸಕೋಶದ ಮೇಲೆ ನೀರು ತುಂಬಿದ ಗುಳ್ಳೆ ನೋಡಿದ್ದೀರಲ್ವಾ? ಅದನ್ನು ಕತ್ತರಿಸಿ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯಲ್ಲಿ ಒಂದು ಜಾತಿಯ ಲಾಡಿಹುಳದ ಮರಿಗಳಿರುತ್ತವೆ. ನಾಯಿಯ ಕರುಳಲ್ಲಿ ಅವು ದೊಡ್ಡವಾಗುತ್ತವೆ. ದೊಡ್ಡವು ಅಂದರೆ ಕೆಲವೇ ಮಿಲಿಮೀಟರ್. ಮೊಟ್ಟೆಗಳು ನಾಯಿಯ ಹೇಲಿನಲ್ಲಿ ಹೊರಬಂದು ಮೈ ಕೂದಲಿಗೂ ಅಂಟುತ್ತವೆ. ನಾಯಿ ಸವರಿದ ಮಗು ಅದೇ ಕೈಯನ್ನು ಬಾಯಿಗೆ ಇಟ್ಟರೆ, ವರ್ಷಗಳಾದ ಮೇಲೆ ಆ ಮಗುವಿನ ಲಿವರ್‌ನಲ್ಲೂ ಅದೇ ನೀರುಗುಳ್ಳೆ. ಆಪರೇಷನ್ನೇ ಬೇಕಾಗಬಹುದು. ಗುಳ್ಳೆ ಇರುವ ಭಾಗ ಸುಟ್ಟುಬಿಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಉಳಿದದ್ದನ್ನು ಚೆನ್ನಾಗಿ ಕುದಿಸಿ ಹಾಕಿ. ನಾಯಿಗೆ ಪ್ರಾಜಿಕ್ವಾಂಟೆಲ್ (ಲಾಡಿಹುಳದ ಔಷಧಿ) ಇರುವ ಮಾತ್ರೆ ತಪ್ಪಿಸಬೇಡಿ, ಎಷ್ಟು ದಿನಕ್ಕೊಮ್ಮೆ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ.

ಪ್ರಶ್ನೆ (ಶಿವಮೊಗ್ಗ): ನಮ್ಮ ಮುದುಕಿಗೆ 13 ವರ್ಷ, ನಾಟಿ ನಾಯಿ. ಮೂಸಿ ನೋಡಿ ಎದ್ದು ಹೋಗುತ್ತಾಳೆ.

ಉತ್ತರ: ವಯಸ್ಸಾದಂತೆ ಮೂಗು ಮಂದವಾಗುತ್ತದೆ. ತಣ್ಣಗಿನ ಊಟಕ್ಕೆ ವಾಸನೆಯೂ ಕಡಿಮೆ. ಅವಳಿಗೆ ಮೈ ಬಿಸಿಯಷ್ಟು, ಅಂದರೆ 38ರ ಹತ್ತಿರ ಬೆಚ್ಚಗೆ ಕೊಡಿ. ಆದರೆ ಈ ವಯಸ್ಸಿಗೆ ಹಸಿ ಬೇಡ, ಬೇಯಿಸಿಯೇ ಕೊಡಿ. ಎರಡು ದಿನ ಏನೂ ಮುಟ್ಟದಿದ್ದರೆ ಕರೆದುಕೊಂಡು ಹೋಗಿ ತೋರಿಸಿ, ಹಲ್ಲು ನೋವೂ ಇರಬಹುದು.

ಮೈಸೂರಿನವರು, ಒಂದು ವಾರದ ನಂತರ: ಡಾಕ್ಟ್ರೇ, ನೀರಲ್ಲಿಟ್ಟು ತಟ್ಟೆಯಲ್ಲಿ ಹರಡಿ ಕೊಟ್ಟೆ. ವಾಂತಿ ಒಂದೇ ಸಲ, ಅದೂ ನಮ್ಮೆಜಮಾನ್ರು ಫ್ರಿಜ್ಜಿಂದ ನೇರ ಸುರಿದ ದಿನ! ಈಗ ಅತ್ತೆ, "ಎರಡು ವರ್ಷದ ಮಗು ಇರೋ ಮನೇಲಿ ಹಸಿ ಮಾಂಸವೇ ಬೇಡ, ಬೇಯಿಸಿ ಹಾಕು" ಅನ್ನುತ್ತಿದ್ದಾರೆ.

ಉತ್ತರ: ಮಗು ಇರುವ ವಿಷಯ ಮೊದಲೇ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನನ್ನ ವೋಟು ಅತ್ತೆಯವರಿಗೆ. ನಾಯಿ ಹುಷಾರಾಗಿ ಕಂಡರೂ ಹೇಲಿನಲ್ಲಿ, ಜೊಲ್ಲಿನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅದೇ ಬಾಯಿಂದ ಮಗುವಿನ ಮುಖ ನೆಕ್ಕುತ್ತದೆ. ಮೂಳೆ ಬಿಡಿಸಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ. ಆ ನೀರು ಚೆಲ್ಲಬೇಡಿ, ಆರಿಸಿ ಅನ್ನಕ್ಕೆ ಕಲಸಿ. ಒಂದೇ ದಿನಕ್ಕೆ ಬದಲಿಸಬೇಡಿ, ಒಂದು ವಾರ ತೆಗೆದುಕೊಂಡು ಬೇಯಿಸಿದ್ದನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಮೂಳೆ ನಿಂತರೆ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಅವನ ತೂಕ ನೋಡಿ ಇಲ್ಲೇ ಹಾಕಿ, ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.