ಪದ್ಮಿನಿಗೆ ಚಳಿ

"ಮನೆಯಿಂದ ಇಲ್ಲಿಗೆ ಎಷ್ಟಾಯ್ತೋ ಖರ್ಚು?" ಮೇಷ್ಟ್ರು ಕೇಳಿದರು.

"ನಾಲ್ಕು ದೋಸೆ," ಎಂದ ಕೊಟ್ರೇಶಿ.

ಕಾರು ತಳ್ಳಿಕೊಂಡು ಬಂದ ನಾಲ್ಕು ಹುಡುಗರು ಆಗಲೇ ಒಳಗಿನ ಟೇಬಲ್ ಹಿಡಿದಿದ್ದರು. ಜನವರಿ ತಿಂಗಳು, ಬೆಳಗ್ಗೆ ಏಳು ಗಂಟೆ. ಬೆಣ್ಣೆದೋಸೆ ಹೋಟೆಲಿನ ಮುಂದೆ 1984ರ ಪ್ರೀಮಿಯರ್ ಪದ್ಮಿನಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಾ ನಿಂತಿತ್ತು. ಹೊಳೆಯುತ್ತಿತ್ತು, ಅಷ್ಟೇ.

"ಪೆಟ್ರೋಲಿಗಿಂತ ಬೆಣ್ಣೆ ಜಾಸ್ತಿ ಕುಡಿಯುತ್ತದಲ್ಲೋ ನಿನ್ನ ಕಾರು."

"ಏನು ಮಾಡಲಿ ಮೇಷ್ಟ್ರೇ, ಚಳಿ. ಚಳಿಗೆ ಸ್ಟಾರ್ಟೇ ಆಗಲ್ಲ."

"ಇದು ದಾವಣಗೆರೆ ಕಣೋ, ದಾವೋಸ್ ಅಲ್ಲ."

ತಿಪ್ಪೇಶಿ ದುರ್ಗದವನು. ಅವನಿಗೆ ತಪ್ಪು ಬೇರೆ ಕಡೆ ಕಾಣಿಸಿತು. "ಹೆಸರಲ್ಲೇ ಎಡವಟ್ಟಾಗಿದೆ. ರಾಣಿ ಹೆಸರಿಟ್ಟರೆ ಬೆಳಗ್ಗೆ ಬೇಗ ಏಳ್ತಾಳಾ? ಓಬವ್ವ ಅಂತ ಇಟ್ಟಿದ್ದರೆ ಕೋಳಿ ಕೂಗೋ ಹೊತ್ತಿಗೆ ಒನಕೆ ಹಿಡಿದು ನಿಂತಿರುತ್ತಿದ್ದಳು."

"ತಮಾಷೆ ಬೇಡ. ವಿಂಟೇಜ್ ಗಾಡಿ ಅದು. ಈ ಜಿಲ್ಲೆಗಿಂತ ಹದಿಮೂರು ವರ್ಷ ದೊಡ್ಡದು, ಗೊತ್ತಾ?"

"ಹೌದು. 1997ರ ತನಕ ನೀವೆಲ್ಲ ನಮ್ಮ ಜಿಲ್ಲೆಯವರೇ," ಎಂದ ತಿಪ್ಪೇಶಿ. ಆ ಗಾಯ ಅವನಿಗಿನ್ನೂ ಮಾಗಿಲ್ಲ.

"ಯಾವ ವಿಂಟೇಜು?" ಮೇಷ್ಟ್ರು ಬಿಡಲಿಲ್ಲ. "2021ರಲ್ಲಿ ಸರ್ಕಾರ ನಿಯಮ ಮಾಡಿದೆ. 50 ವರ್ಷ ತುಂಬಿದರೆ ಮಾತ್ರ ವಿಂಟೇಜ್. ನಿನ್ನ ಕಾರಿಗೆ 2034ರ ತನಕ ಆ ಯೋಗ ಇಲ್ಲ. ಈ ಟೇಬಲ್ಲಿನಲ್ಲಿ ವಿಂಟೇಜ್ ಅಂದರೆ ನಾನೊಬ್ಬನೇ. ನನಗೂ ಬೆಳಗ್ಗೆ ಸ್ಟಾರ್ಟ್ ಆಗೋದು ಕಷ್ಟವೇ. ಇರಲಿ, ಏನೇನು ಮಾಡಿಸಿದೆ?"

"ಒಂದು ವಿಡಿಯೋದಲ್ಲಿ ಬ್ಯಾಟರಿ ಅಂದರು, ಹೊಸದು ಹಾಕಿಸಿದೆ. ಇನ್ನೊಂದರಲ್ಲಿ ಪ್ಲಗ್ ಅಂದರು, ನಾಲ್ಕೂ ಹೊಸದು. ಮತ್ತೊಬ್ಬ ಕಾಯಿಲ್ ಅಂದ. ಅದೂ ಆಯ್ತು."

"ಇನ್ನು ಹಳಬ ಅಂದರೆ ಓನರ್ ಒಬ್ಬನೇ. ಅವನನ್ನೂ ಬದಲಾಯಿಸಿ ಅಂತ ಯಾರೂ ವಿಡಿಯೋ ಹಾಕಿಲ್ವಾ?"

"ಅಳಿಯ ಬೆಂಗಳೂರಿನಿಂದ ಕಾರಿನ ದೋಷ ಹುಡುಕೋ ಸ್ಕ್ಯಾನರ್ ತಂದಿದ್ದ ಮೇಷ್ಟ್ರೇ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಅದನ್ನು ಸಿಕ್ಕಿಸೋ ಸಾಕೆಟ್ ಅರ್ಧ ಗಂಟೆ ಹುಡುಕಿದ."

"ಸಿಕ್ತಾ?"

"ಅಡಕತ್ತರಿ ಸಿಕ್ತು."

"ಈಗಿನ ಪೆಟ್ರೋಲೇ ಸರಿಯಿಲ್ಲ," ತಿಪ್ಪೇಶಿ ಮಧ್ಯೆ ಬಾಯಿ ಹಾಕಿದ. "ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್, ಅಂದರೆ ಸಾರಾಯಿ. ನಮ್ಮ ಮೆಕ್ಕೆಜೋಳ ಕುಡಿದು ಮಲಗಿರುತ್ತದೆ, ಬೆಳಗ್ಗೆ ಹೇಗೆ ಏಳುತ್ತದೆ?"

"ಎಥೆನಾಲ್ ಚಳಿಗೆ ಬೇಗ ಆವಿಯಾಗಲ್ಲ, ನಿಜ. ಹಳೇ ಗಾಡಿಯ ರಬ್ಬರ್ ಪೈಪುಗಳಿಗೂ ಅದು ಆಗಿಬರಲ್ಲ. ಆದರೆ ಮಧ್ಯಾಹ್ನವೂ ಅದೇ ಪೆಟ್ರೋಲು ತಾನೇ? ಮಧ್ಯಾಹ್ನ ಹೇಗೋ?"

"ಮಧ್ಯಾಹ್ನ ಒಂದೇ ಸೆಲ್ಫಿಗೆ ಸ್ಟಾರ್ಟ್!"

"ಅದೇ ನಿನ್ನ ರೋಗ. ನೀನು ಕಾರು ತಗೊಂಡಿದ್ದೇ ಸೆಲ್ಫಿಗೆ. ಗಾಜಿನಮನೆ ಮುಂದೆ ಒಂದು, ಕುಂದುವಾಡ ಕೆರೆ ಏರಿ ಮೇಲೆ ಒಂದು. ವಾರಕ್ಕೆ ಇಪ್ಪತ್ತು ಸೆಲ್ಫಿ, ಸೆಲ್ಫ್ ಹೊಡೆಯೋದು ಮಾತ್ರ ಭಾನುವಾರ ಒಂದು ಸಲ. ಆರು ದಿನ ನಿಂತರೆ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರಿನಲ್ಲಿ ಇದ್ದದ್ದೆಲ್ಲ ಆರಿಹೋಗುತ್ತದೆ. ಪಂಪು ಮತ್ತೆ ಅಲ್ಲಿಗೆ ತುಂಬಿಸೋ ತನಕ ತಾಳಬೇಕು. ಸೆಲ್ಫ್ ಹೊಡೆದಾಗ ಎಂಜಿನ್ ಜೋರಾಗಿ ತಿರುಗುತ್ತದಾ?"

"ಗಿರಗಿರ ತಿರುಗುತ್ತದೆ."

"ಹಾಗಾದರೆ ಹೊಸ ಬ್ಯಾಟರಿಗೆ ಕೊಟ್ಟ ದುಡ್ಡು ದಂಡ. ಪ್ಲಗ್ ಬಿಚ್ಚಿದಾಗ ಒದ್ದೆ ಇತ್ತಾ? ಪೆಟ್ರೋಲು ವಾಸನೆ?"

"ಒಣಗಿದ ಕೊಬ್ಬರಿ ಇದ್ದಂಗಿತ್ತು."

ಮೇಷ್ಟ್ರು ದೋಸೆ ಭಟ್ಟರ ಕಡೆ ಕೈ ತೋರಿಸಿದರು. ಸೌದೆ ಒಲೆಯ ಮೇಲಿನ ಕಾವಲಿಗೆ ಅವರು ನೀರು ಚಿಮುಕಿಸುತ್ತಿದ್ದರು. "ನೋಡಲ್ಲಿ. ಕಾವಲಿ ಕಾದಿದ್ದರೆ ನೀರು ಚುಂಯ್ ಅಂತ ಹಾರಿಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ಹನಿಯಾಗಿ ಕೂರುತ್ತದೆ. ಪೆಟ್ರೋಲೂ ಅಷ್ಟೇ. ಉರಿಯೋದು ಆವಿ. ತಣ್ಣಗಿರೋ ಎಂಜಿನ್ನಿನಲ್ಲಿ ಅದು ಪೈಪಿನ ಗೋಡೆಗೇ ಅಂಟಿಕೊಳ್ಳುತ್ತದೆ, ಕಿಡಿ ಹತ್ತಿರ ಹೋಗೋದು ಚೂರುಪಾರು. ಅದಕ್ಕೇ ಮೊದಲು ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ ಕೊಡಬೇಕು. ಚೋಕ್ ಇರೋದೇ ಅದಕ್ಕೆ. ಎಳೀತೀಯಾ?"

"ಎಳೀತೀನಿ. ಬೆಣ್ಣೆ ಇದ್ದಂಗೆ ಬರುತ್ತದೆ."

"ಬೆಣ್ಣೆ ದೋಸೆ ಮೇಲಿರಬೇಕು, ಚೋಕ್ ವೈರಿನಲ್ಲಿ ಅಲ್ಲ. ಏಳು, ಬಾನೆಟ್ ತೆಗಿ."

ಅಷ್ಟರಲ್ಲಿ ದೋಸೆ ಬಂತು. ಮೇಷ್ಟ್ರು ಎದ್ದೇ ಬಿಟ್ಟರು. ದೋಸೆ ಆರಲು ಬಿಟ್ಟು ತಿನ್ನುವವನಿಗೆ ಊರಿನಿಂದ ಗಡಿಪಾರು ಆಗಬೇಕು ಅನ್ನುವ ಮನುಷ್ಯ. ತಿಪ್ಪೇಶಿ ಕಣ್ಣರಳಿಸಿ ನೋಡಿದ.

ಬಾನೆಟ್ಟಿನ ಕೆಳಗೆ ಎಲ್ಲವೂ ಹೊಸ ಕಪ್ಪು ಬಣ್ಣದಲ್ಲಿ ಮಿಂಚುತ್ತಿತ್ತು. ಬಣ್ಣ ಬಳಿದವನು ಕಾರ್ಬೊರೇಟರಿನಿಂದ ಚೋಕ್ ವೈರ್ ಬಿಚ್ಚಿದ್ದ. ಮತ್ತೆ ಸಿಕ್ಕಿಸಿರಲಿಲ್ಲ. ವೈರಿನ ತುದಿ ಜನಿವಾರದ ಹಾಗೆ ಜೋತಾಡುತ್ತಿತ್ತು. ತಿರುಪಿಗೂ ನೀಟಾಗಿ ಬಣ್ಣ ಬಳಿದಿದ್ದ, ಪುಣ್ಯಾತ್ಮ.

"ಮೊದಲು ಮಂಡಿಪೇಟೆ ಕಡೆ ಒಬ್ಬ ಮಿಸ್ತ್ರಿ ಇದ್ದ," ಮೇಷ್ಟ್ರು ತಿರುಪು ಬಿಗಿ ಮಾಡುತ್ತಾ ಹೇಳಿದರು. "ಬಾನೆಟ್ ತೆಗೀತಾನೇ ಇರಲಿಲ್ಲ. ಅದರ ಮೇಲೆ ಕೈ ಇಟ್ಟು, ಸೆಲ್ಫ್ ಹೊಡಿ ಅನ್ನೋನು. ಕೇಳಿಸಿಕೊಂಡು, ಚಾ ಕುಡಿದು, ಆಮೇಲೆ ಹೇಳೋನು. ಅವನ ಶೆಡ್ಡಿನಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ."

"ನಿಮ್ಮ ಹತ್ರಾನೂ ಇಂಥ ಫಿಯಟ್ ಇತ್ತಾ ಮೇಷ್ಟ್ರೇ?"

"ನಮ್ಮಪ್ಪ ಮಿಲ್ಲಿನ ಮ್ಯಾನೇಜರ ಡ್ರೈವರು. ಬೆಳಗ್ಗೆ ಸೈರನ್ ಆಗೋದಕ್ಕೆ ಮುಂಚೆ ಅವರ ಮನೆಗೆ ಹೋಗಿ ಗಾಡಿ ಬಿಸಿ ಮಾಡಬೇಕಿತ್ತು. ಒಂದೊಂದು ದಿನ ನನ್ನನ್ನೂ ಕರೆದುಕೊಂಡು ಹೋಗೋರು. ಚೋಕ್ ಎಳೆಯೋ ಕೆಲಸ ನನ್ನದು."

ಯಾರೂ ಮಾತಾಡಲಿಲ್ಲ. ತಿಪ್ಪೇಶಿ ಕೂಡ.

"ಹೂಂ, ಚೋಕ್ ಎಳಿ. ಆಕ್ಸಿಲೇಟರ್ ಎರಡು ಸಲ ಒತ್ತು. ಈಗ ಹೊಡಿ ಸೆಲ್ಫು."

ಎರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ಎದ್ದಿತು. ಹುಡುಗರು ಒಳಗಿನಿಂದಲೇ ಸಿಳ್ಳೆ ಹೊಡೆದರು. ಮುಂದಿನ ಭಾನುವಾರದ ದೋಸೆ ಹೋಯಿತು ಅನ್ನುವುದು ಅವರಿಗಿನ್ನೂ ಹೊಳೆದಿರಲಿಲ್ಲ.

ಕೊಟ್ರೇಶಿಯ ಕೈ ಅಭ್ಯಾಸಬಲದಿಂದ ಜೇಬಿನ ಫೋನಿಗೆ ಹೋಯಿತು. ಮೇಷ್ಟ್ರ ಮುಖ ನೋಡಿ ವಾಪಸ್ ಬಂತು.

"ಬಿಸಿ ಆಗ್ತಿದ್ದಂಗೆ ಚೋಕ್ ಒಳಗೆ ತಳ್ಳು. ಇಲ್ಲದಿದ್ದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ," ಎನ್ನುತ್ತಾ ಮೇಷ್ಟ್ರು ಅವನ ಪಕ್ಕದ ಸೀಟಿಗೆ ಹತ್ತಿ ಕೂತರು. ಆಮೇಲೆ ತಾವೇ ಕೈ ಚಾಚಿ ಚೋಕಿನ ಗುಬುಟು ಹಿಡಿದರು. ಒಂದಿಷ್ಟು ಒಳಗೆ ತಳ್ಳಿದರು. ಶಬ್ದ ಕೇಳಿಸಿಕೊಂಡರು. ಇನ್ನೊಂದಿಷ್ಟು ತಳ್ಳಿದರು.

"ಮೇಷ್ಟ್ರೇ, ದೋಸೆ ಆರಿಹೋಗ್ತಿದೆ!" ತಿಪ್ಪೇಶಿ ಕಿಟಕಿಯಲ್ಲಿ ಬಗ್ಗಿ ಕೂಗಿದ.

"ಆರಲಿ ಬಿಡೋ," ಎಂದರು ಮೇಷ್ಟ್ರು, ಗುಬುಟಿನಿಂದ ಕೈ ತೆಗೆಯದೆ.