ಹಾಲು ಬಿಡಿಸಿದ ಹಂದಿಮರಿಗಳಿಗೆ ತೆಂಗಿನೆಣ್ಣೆ ಕೊಡಬಹುದೇ?

ಪ್ರಶ್ನೆ (ಹೊನ್ನಾವರ ತಾಲೂಕಿನ ಸಾಕಣೆದಾರರೊಬ್ಬರು): ಡಾಕ್ಟರ್ ಸರ್, ನಮಸ್ಕಾರ. ನಮ್ಮ ಎರಡು ತಾಯಿಹಂದಿಗಳ 17 ಮರಿಗಳಿಗೆ 45ನೆಯ ದಿನ ಹಾಲು ಬಿಡಿಸಿದೆವು. ನಾಲ್ಕು ದಿನ ಕಳೆಯುವಷ್ಟರಲ್ಲಿ ಆರು ಮರಿಗಳಿಗೆ ನೀರಿನಂಥ ಹಳದಿ ಭೇದಿ ಹಿಡಿದಿದೆ. ಕಳೆದ ಸಲ ಆಹಾರಕ್ಕೆ ಆಂಟಿಬಯೋಟಿಕ್ ಪುಡಿ ಬೆರೆಸಿದ್ದೆ, ಈ ಸಲ ಅದು ಬೇಡವೆನಿಸಿದೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲ ರೋಗಾಣುಗಳನ್ನು ಕೊಲ್ಲುತ್ತದೆಯಂತೆ. ಮನೆಯಲ್ಲಿರುವ ಗಾಣದ ಎಣ್ಣೆ ಸಾಕೇ, ಅಥವಾ ಲಾರಿಕ್ ಆಮ್ಲದಿಂದಲೇ ಮಾಡಿದ ಮಾನೋಲಾರಿನ್ ಪುಡಿಯನ್ನೇ ತರಬೇಕೇ?

ಉತ್ತರ (ಪಶುವೈದ್ಯರು): ನಮಸ್ಕಾರ. ಮೊದಲು ಆ ಆರು ಮರಿಗಳನ್ನು ನೋಡಿಕೊಳ್ಳಿ. ಭೇದಿ ಹಿಡಿದ ಮರಿ ಸೋಲುವುದು ಹೆಚ್ಚಾಗಿ ಮೈಯ ನೀರು ಮತ್ತು ಲವಣ ಹೋಗುವುದರಿಂದ. ಆದ್ದರಿಂದ ಅವುಗಳನ್ನು ಬೇರೆ ಮಾಡಿ, ಒಣಹುಲ್ಲಿನ ಮೇಲೆ ಬೆಚ್ಚಗಿಟ್ಟು, ಓಆರ್‌ಎಸ್ ನೀರನ್ನು ತಗ್ಗು ತಟ್ಟೆಯಲ್ಲಿ ದಿನವಿಡೀ ಎದುರಿಗಿಡಿ. ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕರೆಸಿ. ಆ ಹಂತದಲ್ಲಿ ಎಣ್ಣೆಯಾಗಲಿ ಪುಡಿಯಾಗಲಿ ಚಿಕಿತ್ಸೆಯಾಗದು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಾಯಿಹಂದಿಯ ಹಾಲಿನ ಒಣ ಅಂಶದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕೊಬ್ಬೇ ಇರುತ್ತದೆ. ಅದನ್ನು ಕುಡಿದು ಬೆಳೆದ ಮರಿ, ಎದುರಿಗೆ ಮೆಕ್ಕೆಜೋಳ, ತೌಡು, ಸೋಯಾ ಹಿಂಡಿ ಬಂದಾಗ ಒಂದೆರಡು ದಿನ ಸರಿಯಾಗಿ ತಿನ್ನುವುದೇ ಇಲ್ಲ. ಆ ಉಪವಾಸದಲ್ಲಿ ಕರುಳಿನ ಒಳಗೋಡೆಯ ಸಣ್ಣ ಎಳೆಗಳು ಕುಗ್ಗುತ್ತವೆ, ಅನಂತರ ತಿಂದದ್ದು ಅರಗದೆ ಉಳಿದು ಇ. ಕೋಲೈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ನಿಮ್ಮಲ್ಲಿ ನಾಲ್ಕನೆಯ ದಿನ ಭೇದಿ ಶುರುವಾಗಿರುವುದು ಇದಕ್ಕೆ ಹೊಂದುತ್ತದೆ.

ತೆಂಗಿನೆಣ್ಣೆಯ ಸುಮಾರು ಅರ್ಧಭಾಗ ಲಾರಿಕ್ ಆಮ್ಲವೆಂಬುದು ನಿಜ. ಆದರೆ ಅದು ಬಿಡಿಯಾಗಿರುವುದಿಲ್ಲ. ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲಿಗೆ ಕಟ್ಟಿಕೊಂಡಿರುತ್ತವೆ, ಮರಿಯ ಜಠರದ ಮತ್ತು ಕರುಳಿನ ಲೈಪೇಸ್ (ಕೊಬ್ಬನ್ನು ಅರಗಿಸುವ ಕಿಣ್ವ) ಅವನ್ನು ಬಿಡಿಸಿದ ಮೇಲಷ್ಟೇ ಅವು ಕೆಲಸಕ್ಕೆ ಬರುತ್ತವೆ. ಮಾನೋಲಾರಿನ್‌ನಲ್ಲಿ ಒಂದೇ ಲಾರಿಕ್ ಆಮ್ಲ ಉಳಿದಿರುವುದರಿಂದ ಅದು ಬ್ಯಾಕ್ಟೀರಿಯಾದ ಪೊರೆಯನ್ನು ನೇರವಾಗಿ ಒಡೆಯಬಲ್ಲದು. ಹಾಗಿದ್ದರೂ ಅದರ ಹಿಡಿತ ಸ್ಟ್ರೆಪ್ಟೋಕಾಕಸ್, ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಗಳ ಮೇಲೆ ಹೆಚ್ಚು. ಹೊರಪೊರೆಯ ರಕ್ಷಣೆಯಿರುವ ಇ. ಕೋಲೈ ಅದಕ್ಕೆ ಸುಲಭವಾಗಿ ಬಗ್ಗದು, ಅಲ್ಲಿ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಎಂಬ ಬೇರೆ ಎರಡು ಕೊಬ್ಬಿನಾಮ್ಲಗಳು ಹೆಚ್ಚು ಉಪಯುಕ್ತ. ಆದುದರಿಂದ ಪುಡಿ ಕೊಳ್ಳುವುದಾದರೆ ಈ ಎರಡೂ ಸೇರಿರುವುದನ್ನು ಆರಿಸಿ, ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರಬೇಡಿ. ಇವುಗಳಿಗೆ ಹೋತದ ವಾಸನೆಯಿರುತ್ತದೆ (ಲ್ಯಾಟಿನ್‌ನಲ್ಲಿ ಮೇಕೆಗಿರುವ ಪದದಿಂದಲೇ ಆ ಹೆಸರುಗಳು ಬಂದಿವೆ). ಪ್ರಮಾಣ ಹೆಚ್ಚಾದರೆ ಮರಿ ಮೂಸಿ ಹಿಂದೆ ಸರಿಯುತ್ತದೆ.

ಗಾಣದ ಎಣ್ಣೆಯನ್ನು ಸುಲಭವಾಗಿ ಅರಗುವ ಶಕ್ತಿಯೆಂದು ತಿಳಿದು, ಆರೋಗ್ಯವಾಗಿರುವ ಮರಿಗಳಿಗೆ ಕೊಡಿ. ನಾಲ್ಕೈದು ದಿನಗಳಲ್ಲಿ ಕ್ರಮೇಣ ಏರಿಸುತ್ತ ಕ್ವಿಂಟಲ್ ಆಹಾರಕ್ಕೆ 2 ಕಿಲೋ ತಲುಪಿದರೆ ಸಾಕು. ಬೆರಳಿಗೆ ಹಚ್ಚಿ ಮೂಸಿದಾಗ ಕಮಟು ವಾಸನೆ ಬಂದರೆ ಆ ಎಣ್ಣೆ ಬೇಡವೇ ಬೇಡ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದು ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿಡಿ.

ಆಂಟಿಬಯೋಟಿಕ್ ಬೆರೆಸದಿರಲು ನಿರ್ಧರಿಸಿದ್ದು ನನಗೆ ಬಹಳ ಸಂತೋಷ ತಂದಿದೆ. ಬೆಳವಣಿಗೆಗಾಗಿ ಅದನ್ನು ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ನಿಲ್ಲಿಸಿತು, ನಮ್ಮ ದೇಶದಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ 2019ರಿಂದ ನಿಷಿದ್ಧವಾಗಿದೆ.

ಮರುಪ್ರಶ್ನೆ: ಎಣ್ಣೆ ತೆಗೆದ ಮೇಲೆ ಉಳಿಯುವ ಕೊಬ್ಬರಿ ಹಿಂಡಿಯನ್ನು ಇದೇ ಮರಿಗಳಿಗೆ ಹಾಕಬಹುದೇ?

ಉತ್ತರ: ಈಗಲೇ ಬೇಡ. ಅದರಲ್ಲಿ ನಾರು ಹೆಚ್ಚು, ಮರಿಯ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ದೊಡ್ಡ ಹಂದಿಗಳಿಗೆ ಸ್ವಲ್ಪ ಸ್ವಲ್ಪ ಹಾಕಬಹುದು, ಬೂಷ್ಟು ಹಿಡಿದದ್ದನ್ನು ಮಾತ್ರ ಯಾವುದಕ್ಕೂ ಹಾಕಬೇಡಿ.