ಮಕ್ಕಳಿಗಾಗಿ ಕಟ್ಟಿದ ಬಗ್ಗಿ: ಏರಿನಲ್ಲಿ ಹತ್ತು ನಿಮಿಷಕ್ಕೆ ಎಂಜಿನ್ ನಿಲ್ಲುತ್ತಿದೆ, ದಯವಿಟ್ಟು ದಾರಿ ತೋರಿಸಿ

ತೋಟದಮನೆ_ಮೂಡಿಗೆರೆ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಒಂಬತ್ತು. ಇಬ್ಬರೂ ತೋಟದೊಳಗೆ ಓಡಿಸಲೆಂದು ಸ್ಕೂಟಿ ಪೆಪ್ ಪ್ಲಸ್ ಎಂಜಿನ್ ಹಾಕಿ ನಾಲ್ಕು ಚಕ್ರದ ಸಣ್ಣ ಬಗ್ಗಿಯೊಂದನ್ನು ನಾನೇ ಕಟ್ಟಿದ್ದೇನೆ. ಕಾಫಿ ಒಣಗಿಸುವ ಕಣದ ಸಮತಟ್ಟಿನಲ್ಲಿ ಅದು ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆದರೆ ಕಣದಿಂದ ಮೇಲಿನ ಕೆರೆಯ ಕಡೆಗೆ ಹೋಗುವ ಏರಿನಲ್ಲಿ ಎರಡು ಮೂರು ಸಲ ಹತ್ತಿ ಇಳಿದರೆ ಸಾಕು, ಎಂಜಿನ್ ಮೊದಲು ಎಳೆತ ಕಳೆದುಕೊಂಡು, ಆಮೇಲೆ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟರೆ ಒಂದೇ ಒತ್ತಿಗೆ ಸ್ಟಾರ್ಟ್ ಆಗುತ್ತದೆ.

ಕಾರ್ಬುರೇಟರನ್ನು ಮೂರು ಸಲ ತೊಳೆದಿದ್ದೇನೆ, ಸ್ಪಾರ್ಕ್ ಪ್ಲಗ್ ಮತ್ತು ಸಿಡಿಐ (ಕಿಡಿ ಕೊಡುವ ಪೆಟ್ಟಿಗೆ) ಹೊಸದು ಹಾಕಿದ್ದೇನೆ. ಮೂರು ವಾರದಿಂದ ಮಕ್ಕಳು ದಿನವೂ ಶಾಲೆಯಿಂದ ಬಂದ ಕೂಡಲೇ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮಳೆ ಹಿಡಿದರೆ ಇನ್ನು ನಾಲ್ಕು ತಿಂಗಳು ಆ ದಾರಿಯಲ್ಲಿ ಗಾಡಿ ಇಳಿಸುವಂತಿಲ್ಲ. ಏನಾಗಿರಬಹುದೆಂದು ತಿಳಿದವರು ಹೇಳಿ.

ಕಾರ್ಬುರೇಟರ್_ಕೈ (ಶನಿವಾರ, ರಾತ್ರಿ 10:15)

ಇದು ಖಂಡಿತವಾಗಿ ಕಾರ್ಬುರೇಟರಿನ ಸಮಸ್ಯೆಯೇ. ಸ್ಕೂಟರಿನ ಕಾರ್ಬುರೇಟರ್ ನೆಟ್ಟಗೆ ನಿಂತು ಕೆಲಸ ಮಾಡಲೆಂದು ಮಾಡಿದ್ದು. ಗಾಡಿ ಏರು ಹತ್ತುವಾಗ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಒಂದು ಕಡೆಗೆ ಸರಿದು ಮೇನ್ ಜೆಟ್ಟಿಗೆ (ಪೆಟ್ರೋಲ್ ಅಳೆದು ಬಿಡುವ ತೂತಿಗೆ) ಸಾಲದೆ ಹೋಗುತ್ತದೆ, ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾಗಿ) ಎಂಜಿನ್ ಬಿಸಿಯಾಗುತ್ತದೆ. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ, ಫ್ಲೋಟಿನ ಮಟ್ಟವನ್ನು ಸ್ವಲ್ಪ ಏರಿಸಿ ನೋಡಿ. ಪ್ಲಗ್ಗಿನ ತುದಿ ಯಾವ ಬಣ್ಣಕ್ಕಿದೆ ಎಂಬುದನ್ನೂ ತಿಳಿಸಿ.

ಬ್ಯಾಟರಿಬಂಡಿ_ದಾವಣಗೆರೆ (ಭಾನುವಾರ, ಬೆಳಿಗ್ಗೆ 7:05)

ಮಕ್ಕಳ ಗಾಡಿಗೆ ಪೆಟ್ರೋಲ್ ಎಂಜಿನ್ ಹಾಕಿದ್ದೇ ಸರಿಯಲ್ಲವೆಂದು ನನಗೆ ತೋರುತ್ತದೆ. ನಾನು ಇ-ರಿಕ್ಷಾದ 48 ವೋಲ್ಟ್ ಬಿಎಲ್‌ಡಿಸಿ ಮೋಟಾರನ್ನು (ಬ್ರಷ್ ಇಲ್ಲದ ವಿದ್ಯುತ್ ಮೋಟಾರು) ಅದರ ಡಿಫರೆನ್ಷಿಯಲ್ ಸಮೇತ ತಂದು ಮಗನಿಗೆ ಜೀಪ್ ಕಟ್ಟಿಕೊಟ್ಟಿದ್ದೇನೆ. ಹೊಗೆಯಿಲ್ಲ, ಸುಡುವ ಸೈಲೆನ್ಸರ್ ಇಲ್ಲ, ವೇಗವನ್ನು ಕಂಟ್ರೋಲರಿನಲ್ಲೇ ಕಟ್ಟಿಹಾಕಬಹುದು, ಮತ್ತು ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುತ್ತದೆ. ಎರಡು ವರ್ಷದಲ್ಲಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದನ್ನು ಬಿಟ್ಟರೆ ಬೇರೆ ಯಾವ ಕೆಲಸವೂ ಬಂದಿಲ್ಲ.

ಲೇತ್_ಹುಬ್ಬಳ್ಳಿ (ಭಾನುವಾರ, ಬೆಳಿಗ್ಗೆ 8:30)

ದಾವಣಗೆರೆಯ ಸರ್, ನಿಮ್ಮಲ್ಲಿ ನೆಲ ಸಮತಟ್ಟು, ಅವರಲ್ಲಿ ಮಲೆನಾಡಿನ ಏರು. ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳ ಭಾರವನ್ನು ಏರಿಸುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಮೇಲಾಗಿ ಅವರು ಕೇಳಿದ್ದು ಕಟ್ಟಿದ ಗಾಡಿ ಯಾಕೆ ನಿಲ್ಲುತ್ತಿದೆ ಎಂದು, ಯಾವ ಗಾಡಿ ಕಟ್ಟಬೇಕಿತ್ತು ಎಂದಲ್ಲ.

ಬ್ಯಾಟರಿಬಂಡಿ_ದಾವಣಗೆರೆ (ಭಾನುವಾರ, ಬೆಳಿಗ್ಗೆ 8:52)

ಅರ್ಧ ಶಕ್ತಿ ಎಂಬ ಲೆಕ್ಕ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನನ್ನ ಗಾಡಿ ಇಬ್ಬರು ದೊಡ್ಡವರನ್ನು ಕೂರಿಸಿಕೊಂಡು ಕೆರೆ ಏರಿಯನ್ನು ಸಲೀಸಾಗಿ ಹತ್ತುತ್ತದೆ, ಬೇಕಾದರೆ ವಿಡಿಯೊ ಹಾಕುತ್ತೇನೆ.

ತೋಟದಮನೆ_ಮೂಡಿಗೆರೆ (ಸೋಮವಾರ, ರಾತ್ರಿ 9:10)

ಒಂದು ಅಳತೆ ದೊಡ್ಡ ಜೆಟ್ ಹಾಕಿ ಫ್ಲೋಟನ್ನೂ ಏರಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ, ಹನ್ನೊಂದನೆಯ ನಿಮಿಷಕ್ಕೆ ನಿಂತಿತು. ಪ್ಲಗ್ಗಿನ ತುದಿ ಮೊದಲು ಬಿಳಿಚಿಕೊಂಡಿತ್ತು, ಈಗ ಅಂಚಿನಲ್ಲಿ ಸ್ವಲ್ಪ ಕಪ್ಪಿದೆ, ನಡುವೆ ಹಾಗೆಯೇ ಬಿಳಿ.

ಕಾರ್ಬುರೇಟರ್_ಕೈ (ಸೋಮವಾರ, ರಾತ್ರಿ 9:35)

ಬಿಳಿ ಎಂದರೆ ಮಿಶ್ರಣ ಇನ್ನೂ ತೆಳುವಾಗಿದೆ ಎಂದರ್ಥ. ಇನ್ನೊಂದು ಅಳತೆ ಮೇಲಕ್ಕೆ ಹೋಗಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಕೊಳವೆ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆಯೇ ಎಂದೂ ನೋಡಿ.

ಬಾಹಾ_ಹಳೆಯ_ವಿದ್ಯಾರ್ಥಿ (ಸೋಮವಾರ, ರಾತ್ರಿ 10:20)

ನಾನು ಎಂಜಿನಿಯರಿಂಗ್ ಓದುವಾಗ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ (ವಿದ್ಯಾರ್ಥಿಗಳೇ ಕಟ್ಟಿದ ಕಚ್ಚಾ ದಾರಿಯ ಗಾಡಿಗಳ ಸ್ಪರ್ಧೆ) ನಮ್ಮ ತಂಡದ ಗಾಡಿಯನ್ನು ಮಧ್ಯಪ್ರದೇಶದ ಪೀತಂಪುರಕ್ಕೆ ಒಯ್ದಿದ್ದೆ. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಎಂಜಿನ್: ಬ್ರಿಗ್ಸ್ ಅಂಡ್ ಸ್ಟ್ರಾಟನ್ನಿನ 305 ಸಿಸಿ, 10 ಎಚ್‌ಪಿ. ನಾವು ಅದಕ್ಕೆ ಸಿವಿಟಿ (ಬೆಲ್ಟಿನಲ್ಲಿ ತಾನಾಗಿ ಗೇರ್ ಬದಲಿಸುವ ವ್ಯವಸ್ಥೆ) ಜೋಡಿಸಿ, ಹಿಂದೆ ನಮ್ಮದೇ ವಿನ್ಯಾಸದ ಎರಡು ಹಂತದ ರಿಡಕ್ಷನ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್) ಕೊಟ್ಟಿದ್ದೆವು, ಕೆಸರಿನ ಗುಂಡಿಯಲ್ಲಿ ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ನಿಮ್ಮ ಪೆಪ್ಪಿನ 88 ಸಿಸಿ ಎಂಜಿನ್ ಇಂತಹ ಕೆಲಸಕ್ಕೆ ಸಾಲುವುದಿಲ್ಲ ಎಂದು ನನ್ನ ಅಭಿಪ್ರಾಯ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ನಿಮ್ಮ ಚೌಕಟ್ಟಿನ ಪೈಪ್ ಯಾವುದು? ಬಾಹಾ ನಿಯಮದಂತೆ ಚಾಲಕನನ್ನು ಕಾಯುವ ಮುಖ್ಯ ಪೈಪಿನ ಹೊರ ವ್ಯಾಸ 25 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ. ಇರಬೇಕು, ಉಕ್ಕಿನಲ್ಲಿ ಇಂಗಾಲ ಕನಿಷ್ಠ ಶೇ. 0.18 ಇರಬೇಕು.

ಲೇತ್_ಹುಬ್ಬಳ್ಳಿ (ಮಂಗಳವಾರ, ಬೆಳಿಗ್ಗೆ 6:50)

ಶಕ್ತಿ ಸಾಲುವುದಿಲ್ಲ ಎನ್ನುವ ಮೊದಲು ಲೆಕ್ಕ ಹಾಕಿ ನೋಡೋಣ. ಗಾಡಿ ಮತ್ತು ಮಕ್ಕಳು ಸೇರಿ 250 ಕೆ.ಜಿ. ಎಂದುಕೊಳ್ಳಿ. ಆರು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಸುಮಾರು 400 ನ್ಯೂಟನ್ ಎಳೆತ ಬೇಕು, ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿದರೆ ಅದು ಒಂದೂವರೆ ಅಶ್ವಶಕ್ತಿಯಷ್ಟೇ ಆಗುತ್ತದೆ. ಮಣ್ಣಿನ ಹಿಡಿತಕ್ಕೂ ಬೆಲ್ಟಿನ ನಷ್ಟಕ್ಕೂ ಇನ್ನೊಂದು ಅಶ್ವಶಕ್ತಿ ಸೇರಿಸಿದರೂ ಈ ಎಂಜಿನ್ನಿಗೆ ಅದು ಹೆಚ್ಚಲ್ಲ. ಶಕ್ತಿ ಇದೆ, ಅದು ಚಕ್ರಕ್ಕೆ ತಲುಪುವ ದಾರಿಯಲ್ಲಿ ಏನೋ ಆಗುತ್ತಿದೆ. ಚಕ್ರ ಎಷ್ಟು ದೊಡ್ಡದು, ಎಂಜಿನ್ನಿನಿಂದ ಆಕ್ಸಲ್‌ಗೆ ಹೇಗೆ ಜೋಡಿಸಿದ್ದೀರಿ, ಎರಡೂ ಕಡೆ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಎಷ್ಟು ಹಲ್ಲು? ಇದನ್ನೆಲ್ಲ ನೀವು ಬರೆದೇ ಇಲ್ಲ.

ತೋಟದಮನೆ_ಮೂಡಿಗೆರೆ (ಮಂಗಳವಾರ, ರಾತ್ರಿ 8:45)

ಕ್ಷಮಿಸಿ, ಅದು ಮುಖ್ಯವೆಂದು ಹೊಳೆಯಲಿಲ್ಲ. ಹಿಂದಿನ ಚಕ್ರಗಳು ಎಟಿವಿಯವು (ಕಚ್ಚಾ ದಾರಿಯ ನಾಲ್ಕು ಚಕ್ರದ ಬೈಕಿನವು), 21 ಇಂಚು. ಸ್ಕೂಟಿಯ ಹಿಂದಿನ ಚಕ್ರ ಕೂರುವ ಹಬ್ಬಿಗೆ 14 ಹಲ್ಲಿನ ಸ್ಪ್ರಾಕೆಟ್ ಬೋಲ್ಟ್ ಮಾಡಿ, ಅಲ್ಲಿಂದ ಚೈನಿನಲ್ಲಿ ಆಕ್ಸಲ್‌ಗೆ ಕೊಟ್ಟಿದ್ದೇನೆ. ಆಕ್ಸಲ್‌ನಲ್ಲಿಯೂ 14 ಹಲ್ಲೇ. ಚೌಕಟ್ಟಿನ ಪೈಪ್ ಒಂದು ಇಂಚಿನದು, ಗೋಡೆ 1.6 ಮಿ.ಮೀ., ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿಗೆ ಬಳಸುವಂಥದ್ದು.

ಬಾಹಾ_ಹಳೆಯ_ವಿದ್ಯಾರ್ಥಿ (ಮಂಗಳವಾರ, ರಾತ್ರಿ 9:00)

ಗೇಟಿನ ಪೈಪ್! ದಯವಿಟ್ಟು ಎಂಜಿನ್ ವಿಷಯವನ್ನು ಬದಿಗಿಟ್ಟು ಮೊದಲು ಇದನ್ನು ಬದಲಿಸಿ. ಏರಿನಲ್ಲಿ ಗಾಡಿ ಮಗುಚಿದರೆ ತಲೆಯ ಮೇಲಿನ ಪೈಪೇ ಮೊದಲು ಮಡಚುತ್ತದೆ.

ಕಾರ್ಬುರೇಟರ್_ಕೈ (ಮಂಗಳವಾರ, ರಾತ್ರಿ 9:12)

ಪೈಪಿಗೂ ಎಂಜಿನ್ ನಿಲ್ಲುವುದಕ್ಕೂ ಸಂಬಂಧವಿಲ್ಲ. ಇನ್ನೊಂದು ಜೆಟ್ ಹಾಕಿ ನೋಡಿದರೋ ಇಲ್ಲವೋ ಹೇಳಿ.

ಬಾಹಾ_ಹಳೆಯ_ವಿದ್ಯಾರ್ಥಿ (ಮಂಗಳವಾರ, ರಾತ್ರಿ 9:20)

ಎಂಜಿನ್ನಿಗೆ ಸಂಬಂಧವಿಲ್ಲದಿರಬಹುದು, ಒಳಗೆ ಕೂರುವ ಮಕ್ಕಳಿಗೆ ಸಂಬಂಧವಿದೆ. ಇನ್ನೊಂದು ಮಾತು: ಗಾಡಿ ತೋಟದ ಗೇಟು ದಾಟದಿರಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ, ಅಪ್ರಾಪ್ತರು ರಸ್ತೆಯಲ್ಲಿ ವಾಹನ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಗ್ಯಾರೇಜ್_ಪುತ್ತೂರು (ಬುಧವಾರ, ಮಧ್ಯಾಹ್ನ 2:10)

ನಾನು ಇಪ್ಪತ್ತು ವರ್ಷದಿಂದ ಗ್ಯಾರೇಜಿನಲ್ಲಿ ಇಂತಹ ಎಂಜಿನ್‌ಗಳನ್ನೇ ಬಿಚ್ಚುತ್ತಿದ್ದೇನೆ. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದ ಮೇಲೆ ನಿಲ್ಲುವ ಎಂಜಿನ್ನಿನಲ್ಲಿ ನೋಡಬೇಕಾದ್ದು ಮೂರೇ ಸಂಗತಿ, ನಿಂತ ಕೂಡಲೇ, ಬಿಸಿಯಿರುವಾಗಲೇ ನೋಡಬೇಕು. ಪ್ಲಗ್ ಬಿಚ್ಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆದರೆ ಕಿಡಿ ಬರುತ್ತದೆಯೇ? ಕಾರ್ಬುರೇಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿದರೆ ಪೆಟ್ರೋಲ್ ಎಡೆಬಿಡದೆ ಇಳಿಯುತ್ತದೆಯೇ? ಕಿಕ್ಕರನ್ನು ಕೈಯಲ್ಲಿ ಒತ್ತಿದರೆ ತಣ್ಣಗಿರುವಾಗ ಸಿಗುವಷ್ಟೇ ಬಿಗಿ ಸಿಗುತ್ತದೆಯೇ, ಇಲ್ಲವೇ ಸಡಿಲವಾಗಿ ಜಾರುತ್ತದೆಯೇ?

ಇನ್ನೊಂದು ಪ್ರಶ್ನೆ, ಅಣ್ಣ. ಎಂಜಿನ್ನಿನ ಬಲಬದಿಯ ಫ್ಯಾನ್ ಕವರೂ ಸಿಲಿಂಡರಿನ ಸುತ್ತ ಬರುವ ಕವಚವೂ ಜಾಗದಲ್ಲಿವೆಯೇ? ಎಂಜಿನ್ ಮಾತ್ರ ಕಾಣುವಂತೆ ಒಂದು ಫೋಟೊ ಹಾಕಿ.

ತೋಟದಮನೆ_ಮೂಡಿಗೆರೆ (ಬುಧವಾರ, ರಾತ್ರಿ 9:30)

ಇಂದು ಸಂಜೆ ಮೂರನ್ನೂ ನೋಡಿದೆ. ಕಿಡಿ ನೀಲಿಯಾಗಿ ಬರುತ್ತಿದೆ, ಪೆಟ್ರೋಲ್ ಧಾರೆಯಾಗಿ ಇಳಿಯುತ್ತಿದೆ. ಆದರೆ ಕಿಕ್ಕರ್ ಯಾವ ಬಿಗಿಯೂ ಇಲ್ಲದೆ ಕೆಳಗಿಳಿಯಿತು. ಬೆಳಿಗ್ಗೆ ತಣ್ಣಗಿರುವಾಗ ಅದೇ ಕಿಕ್ಕರ್ ಅರ್ಧದಲ್ಲೇ ಕೈಯನ್ನು ತಡೆಯುತ್ತಿತ್ತು. ಸಿಲಿಂಡರಿನ ರೆಕ್ಕೆಗಳ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಹರಿಯಲೇ ಇಲ್ಲ, ಚುಯ್ ಎಂದು ಗುಂಡಾಗಿ ಹಾರಿಹೋಯಿತು.

ಸಿಲಿಂಡರಿನ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ಕಟ್ಟುವಾಗಲೇ ತೆಗೆದಿದ್ದೆ. ಅದು ಚೌಕಟ್ಟಿನ ಅಡ್ಡ ಪೈಪಿಗೆ ತಾಗುತ್ತಿತ್ತು. ಎಂಜಿನ್ ತೆರೆದಿದ್ದರೆ ಗಾಳಿ ಇನ್ನೂ ಚೆನ್ನಾಗಿ ಆಡುತ್ತದೆ ಎಂದುಕೊಂಡಿದ್ದೆ.

ಗ್ಯಾರೇಜ್_ಪುತ್ತೂರು (ಬುಧವಾರ, ರಾತ್ರಿ 10:05)

ನಿಮ್ಮ ಸಮಸ್ಯೆಯ ಬೇರು ಅಲ್ಲಿಯೇ ಇದೆ. ಬೈಕಿನ ಎಂಜಿನ್ ಎದುರು ಗಾಳಿಗೆ ಮೈಯೊಡ್ಡಿ ತಣ್ಣಗಾಗುತ್ತದೆ. ಸ್ಕೂಟರಿನ ಎಂಜಿನ್ನಿಗೆ ಆ ಗಾಳಿ ಸಿಗುವುದಿಲ್ಲವೆಂದೇ ಮ್ಯಾಗ್ನೆಟ್ಟಿನ ಮೇಲೆ ಫ್ಯಾನ್ ಕೂರಿಸಿ, ಅದು ಎಳೆದ ಗಾಳಿಯೆಲ್ಲ ಸಿಲಿಂಡರ್ ಮತ್ತು ಹೆಡ್ಡಿನ ರೆಕ್ಕೆಗಳ ನಡುವೆಯೇ ಹಾದುಹೋಗುವಂತೆ ಕವಚ ಕಟ್ಟಿರುತ್ತಾರೆ. ಕವಚ ತೆಗೆದರೆ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನು ಕಲಕುತ್ತದೆ ಹೊರತು ರೆಕ್ಕೆಗಳಿಗೆ ಕಳಿಸುವುದಿಲ್ಲ. ನಿಮ್ಮ ಗಾಡಿ ಏರಿನಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತದೆ, ಆದರೆ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ. ಅತಿಯಾಗಿ ಕಾದಾಗ ವಾಲ್ವ್ ಉದ್ದವಾಗಿ ಟ್ಯಾಪೆಟ್ಟಿನ ಅಂತರ (ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದು) ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ಹೋಗುತ್ತದೆ, ಕಿಕ್ಕರ್ ಸಡಿಲವಾದದ್ದು ಅದಕ್ಕೇ. ತಣ್ಣಗಾದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ನೀವು ಹೇಳುವ ಇಪ್ಪತ್ತು ನಿಮಿಷ ಅದೇ.

ಇನ್ನು ಮುಂದೆ ಹೀಗೆ ಓಡಿಸಬೇಡಿ, ಪಿಸ್ಟನ್ ಹಿಡಿದುಕೊಂಡರೆ ಬೋರ್ ಕೆಲಸಕ್ಕೆ (ಸಿಲಿಂಡರ್ ಕೊರೆಸುವುದಕ್ಕೆ) ಕೈಹಾಕಬೇಕಾಗುತ್ತದೆ. ಕವಚವನ್ನು ಕತ್ತರಿಸಬೇಡಿ, ಪೈಪನ್ನು ಸರಿಸಿ. ಎಂಜಿನ್ ಆಯಿಲ್ ಬದಲಿಸಿ, ಸುಟ್ಟ ಆಯಿಲ್ ವಾಸನೆಯಲ್ಲೇ ಗೊತ್ತಾಗುತ್ತದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ಹಿಡಿದು ಟ್ಯಾಪೆಟ್ಟನ್ನು ಮ್ಯಾನುಯಲ್ಲಿನ ಅಳತೆಗೆ ತನ್ನಿ. ಕವಚ ಕೂರಿಸಿದ ಮೇಲೆ ಎಂಜಿನ್ ಓಡುತ್ತಿರುವಾಗ ಗಾಳಿ ಹೊರಬರುವ ಸಂದಿಯ ಮುಂದೆ ತೆಳ್ಳನೆಯ ಕಾಗದದ ಪಟ್ಟಿ ಹಿಡಿಯಿರಿ. ಅದು ನೆಟ್ಟಗೆ ಚಾಚಿ ನಿಲ್ಲಬೇಕು. ಮೆಲ್ಲಗೆ ಅಲುಗಿದರೆ ಸಾಲದು.

ಕಾರ್ಬುರೇಟರ್_ಕೈ (ಗುರುವಾರ, ಬೆಳಿಗ್ಗೆ 7:40)

ಬಿಳಿಚಿದ ಪ್ಲಗ್ ಅತಿಯಾದ ಬಿಸಿಯಿಂದಲೂ ಬರುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನನ್ನ ಮಾತಿನಂತೆ ಹಾಕಿದ ದೊಡ್ಡ ಜೆಟ್ಟನ್ನು ತೆಗೆದು ಹಳೆಯದನ್ನೇ ಹಾಕಿ, ಫ್ಲೋಟನ್ನೂ ಮೊದಲಿನ ಮಟ್ಟಕ್ಕೆ ತನ್ನಿ. ಹಾಗೆಯೇ ಬಿಟ್ಟರೆ ಪೆಟ್ರೋಲ್ ಹೆಚ್ಚಾಗಿ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ.

ಲೇತ್_ಹುಬ್ಬಳ್ಳಿ (ಗುರುವಾರ, ಬೆಳಿಗ್ಗೆ 9:15)

ಕವಚ ಹಾಕಿದರೂ ಅರ್ಧ ಕೆಲಸವೇ ಆಗುತ್ತದೆ. ಪೆಪ್ಪಿನ 90/100-10 ಟಯರಿನ ಹೊರ ವ್ಯಾಸ ಸುಮಾರು 434 ಮಿ.ಮೀ., ನಿಮ್ಮ 21 ಇಂಚಿನ ಚಕ್ರದ್ದು 533. ಹಲ್ಲು ಸಮಸಮ ಇಟ್ಟಿರುವುದರಿಂದ ಗಾಡಿ ಸ್ಕೂಟಿಗಿಂತ ಶೇ. 23ರಷ್ಟು ಹೆಚ್ಚು ವೇಗಕ್ಕೆ ಗೇರ್ ಆದಂತಾಗಿದೆ, ಅಂದರೆ ಅಷ್ಟರಮಟ್ಟಿಗೆ ಎಳೆತ ಕಡಿಮೆಯಾಗಿದೆ, ಭಾರ ಮಾತ್ರ ಸ್ಕೂಟಿಯ ಎರಡರಷ್ಟಿದೆ. ಆಕ್ಸಲ್‌ಗೆ 20 ಹಲ್ಲಿನ ಸ್ಪ್ರಾಕೆಟ್ ಹಾಕಿ. ಆಗ ಸ್ಕೂಟಿಗಿಂತಲೂ ತುಸು ಹೆಚ್ಚು ಎಳೆತ ಸಿಗುತ್ತದೆ, ಗರಿಷ್ಠ ವೇಗವೂ ತಾನಾಗಿಯೇ ಇಳಿಯುತ್ತದೆ. ಜೊತೆಗೆ ಆಕ್ಸಿಲರೇಟರ್ ಪೆಡಲಿನ ಕೆಳಗೆ ಒಂದು ಬೋಲ್ಟ್ ನಿಲ್ಲಿಸಿ, ಮಗ ಎಷ್ಟೇ ಒತ್ತಿದರೂ ಅರ್ಧಕ್ಕಿಂತ ಕೆಳಗೆ ಹೋಗದಂತೆ ಮಾಡಿ.

ತೋಟದಮನೆ_ಮೂಡಿಗೆರೆ (ಮುಂದಿನ ಭಾನುವಾರ, ಸಂಜೆ 6:55)

ಎಲ್ಲವನ್ನೂ ಒಟ್ಟಿಗೆ ಮಾಡದೆ ಒಂದೊಂದಾಗಿ ಮಾಡಿದೆ. ಅಡ್ಡ ಪೈಪನ್ನು ಕತ್ತರಿಸಿ ಎರಡು ಇಂಚು ಹಿಂದಕ್ಕೆ ವೆಲ್ಡ್ ಮಾಡಿ ಕವಚ ಕೂರಿಸಿದೆ. ಜೆಟ್ ಹಳೆಯದಕ್ಕೆ ಮರಳಿತು. ಹಳೆಯ ಆಯಿಲ್ ಕರ್ರಗೆ, ನೀರಿನಂತೆ ಇಳಿಯಿತು. ಎಗ್ಜಾಸ್ಟ್ ಟ್ಯಾಪೆಟ್ಟಿನಲ್ಲಿ ಗೇಜಿನ ಅತಿ ತೆಳ್ಳನೆಯ ಎಲೆಯೂ ತೂರಲಿಲ್ಲ, ಅದನ್ನು ಸರಿಪಡಿಸಿದೆ. ಕಾಗದದ ಪಟ್ಟಿ ನೆಟ್ಟಗೆ ನಿಂತಿತು. ಅಂದು ನಾನೇ ಕುಳಿತು ಓಡಿಸಿದಾಗ ಇಪ್ಪತ್ತೈದು ನಿಮಿಷ ನಿಲ್ಲಲಿಲ್ಲ, ಆಮೇಲೆ ಎಳೆತ ಸ್ವಲ್ಪ ಕುಗ್ಗಿತು. ನಿನ್ನೆ 20 ಹಲ್ಲಿನ ಸ್ಪ್ರಾಕೆಟ್ ಬಂತು. ಇಂದು ಮುಕ್ಕಾಲು ಗಂಟೆ ಅದೇ ಏರಿನಲ್ಲಿ ಹತ್ತಿ ಇಳಿದಿದ್ದೇನೆ, ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ನಿಲ್ಲಿಸಿದ ಕೂಡಲೇ ಕಿಕ್ಕರ್ ಒತ್ತಿ ನೋಡಿದೆ, ಬಿಗಿ ಹಾಗೆಯೇ ಇದೆ.

ಆದರೆ ಕೊನೆಯ ಸುತ್ತಿನಲ್ಲಿ ಎಡಬದಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಇದು ಬೆಲ್ಟೋ, ಕ್ಲಚ್ಚೋ?

ಗ್ಯಾರೇಜ್_ಪುತ್ತೂರು (ಭಾನುವಾರ, ರಾತ್ರಿ 8:20)

ಎಡಬದಿಯ ಕವರ್ ಬಿಚ್ಚಿ ಕ್ಲಚ್ಚಿನ ಬೆಲ್ (ಕ್ಲಚ್ಚನ್ನು ಮುಚ್ಚುವ ಲೋಹದ ಬಟ್ಟಲು) ನೋಡಿ, ಒಳಗೆ ನೀಲಿ ಬಣ್ಣ ಏರಿದ್ದರೆ ಕ್ಲಚ್ ಜಾರುತ್ತಿದೆ. ಬೆಲ್ಟಿನ ಅಂಚು ಹೊಳೆಯುತ್ತಿದ್ದರೆ ಬೆಲ್ಟ್. ಏರಿನ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಟಿದ್ದೀರಾ? ಹಾಗಿದ್ದರೆ ಕ್ಲಚ್ ಇರುವ ಸಾಧ್ಯತೆಯೇ ಹೆಚ್ಚು. ಆ ಕವರಿನಲ್ಲಿ ಗಾಳಿ ಒಳಹೋಗುವ ಬಾಯಿ ಕೆಸರಿನಿಂದ ಮುಚ್ಚಿಲ್ಲವೆಂದೂ ನೋಡಿ. ಫೋಟೊ ಹಾಕಿ.

ಬಾಹಾ_ಹಳೆಯ_ವಿದ್ಯಾರ್ಥಿ (ಭಾನುವಾರ, ರಾತ್ರಿ 8:45)

ಪೈಪ್ ಬದಲಿಸಿದಿರಾ?

ತೋಟದಮನೆ_ಮೂಡಿಗೆರೆ (ಭಾನುವಾರ, ರಾತ್ರಿ 9:30)

ಏರಿನ ನಡುವೆ ಮೂರು ಸಲ ನಿಲ್ಲಿಸಿ ಹೊರಟಿದ್ದೆ, ಫೋಟೊ ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ಪೈಪಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. 3 ಮಿ.ಮೀ. ಪೈಪಿಗೆ ಹಾಸನದಲ್ಲಿ ಹೇಳಿಟ್ಟಿದ್ದೇನೆ, ಬರಲು ನಾಲ್ಕು ದಿನವಾಗುತ್ತದಂತೆ. ತಲೆಯ ಮೇಲಿನ ಎರಡು ಕಮಾನು ಮತ್ತು ಸೀಟ್ ಬೆಲ್ಟ್ ಕಟ್ಟುವ ಅಡ್ಡಪೈಪ್ ಬದಲಾಗುವವರೆಗೆ ಮಕ್ಕಳು ಕಣದಲ್ಲಿ ಕೂಡ ಓಡಿಸುವುದಿಲ್ಲ. ಮಗಳು ಒಪ್ಪಿದ್ದಾಳೆ. ಮಗ ಇನ್ನೂ ಸೀಟಿನಲ್ಲೇ ಕುಳಿತಿದ್ದಾನೆ, ಕೀ ನನ್ನ ಜೇಬಿನಲ್ಲಿದೆ.